ಕೇಕಿನ ಅಕ್ಷರ

ಸ್ಟೋರ್ವಿಕ್, ಮಿನೆಸೋಟ
ಜನವರಿ 14, 2001

ಪ್ರೀತಿಯ ಓರಿನ್,

ಕಾಗದ ತಡವಾಯಿತು, ಬೈಯಬೇಡ. ಈ ಸಲ ಕಾರಣ ಒಳ್ಳೆಯದೇ. ಕ್ರಿಸ್‌ಮಸ್ ಮುಗಿದ ಮೇಲೆ ನಮ್ಮ ಲೈಬ್ರರಿಯವರು ಗುರುವಾರ ಸಂಜೆ ಕಂಪ್ಯೂಟರ್ ಪಾಠ ಶುರು ಮಾಡಿದರು, ನಾನೂ ಸೇರಿಕೊಂಡೆ. ನಗಬೇಡ. ತರಗತಿಯಲ್ಲಿ ನನಗಿಂತ ವಯಸ್ಸಾದವರು ಇಬ್ಬರಿದ್ದರು, ಅವರಲ್ಲಿ ಒಬ್ಬರು ಮೊದಲ ದಿನವೇ ನಿದ್ದೆ ಹೋದರು.

ಮೊದಲು ಅಂಗಡಿಯ ಕೇಕ್ ಕೌಂಟರಿಗೆ ಒಂದು ವೆಬ್ ಪುಟ ಮಾಡಿದೆ. ಲೈಬ್ರರಿಯಮ್ಮ ನೋಡಿ, "ಅಯ್ಯೋ ಆರ್ಡಿಸ್, ಇಷ್ಟು ದಿನ ಇದನ್ನೆಲ್ಲ ಎಲ್ಲಿ ಬಚ್ಚಿಟ್ಕೊಂಡಿದ್ದೆ?" ಅಂದರು. ನನಗೆ ಧೈರ್ಯ ಬಂತು. ಅದೇ ಪುಟವನ್ನು ಇಟ್ಟುಕೊಂಡು, ಕೇಕಿನ ಚಿತ್ರ ತೆಗೆದು ಅಲ್ಲಿ ನಿನ್ನ ಫೋಟೊ ಹಾಕಿದೆ. ಕಿವಿ ಮುಚ್ಚುವ ಚೌಕಳಿ ಟೋಪಿ ಹಾಕಿಕೊಂಡು ಹಲ್ಲು ಬಿಡುತ್ತಿದ್ದೀಯಲ್ಲ, ಆ ಫೋಟೊ. ಕೆಳಗೆ ಹೀಗೆ ಬರೆದೆ:

"ಇವನು ನನ್ನ ತಮ್ಮ ಓರಿನ್ ಟ್ವೈಟ್. 1995ರ ಅಕ್ಟೋಬರ್‌ನಲ್ಲಿ ನಮ್ಮೂರಿನ ಟ್ರ್ಯಾಕ್ಟರ್ ಅಂಗಡಿಯ ಶೆಡ್ಡು ಸುಟ್ಟುಹೋಗಿ ಕಾವಲಿನ ಹಾಲ್ವರ್ ರೂಡ್ ತೀರಿಕೊಂಡರು. ಬೆಂಕಿ ಇಟ್ಟವನು ಓರಿನ್ ಎಂದು ಕೋರ್ಟು ಹೇಳಿತು, ಯಾಕೆಂದರೆ ಹಿಂದಿನ ವಾರ ಅವನನ್ನು ಅಲ್ಲಿ ಕೆಲಸದಿಂದ ತೆಗೆದಿದ್ದರು. ಆ ಸಂಜೆ ಊರಿಗೆ ಊರೇ ಚರ್ಚಿನ ಲೂಟಫಿಸ್ಕ್ ಮೀನಿನ ಊಟಕ್ಕೆ ಕೂತಿತ್ತು. ಓರಿನ್ ಮಾತ್ರ ಕಾರು ಕೆಟ್ಟು ಹೆದ್ದಾರಿಯಲ್ಲಿ ನಿಂತಿದ್ದ. ಸಕ್ಕರೆಯ ಬೀಟ್ ಗಡ್ಡೆ ಸಾಗಿಸುವ ಲಾರಿಯವರೊಬ್ಬರು ಅವನನ್ನು ಹತ್ತಿಸಿಕೊಂಡು, ತಮ್ಮ ಸ್ಯಾಂಡ್‌ವಿಚ್‌ನಲ್ಲಿ ಅರ್ಧ ಕೊಟ್ಟರು. ಬೆಂಕಿ ಹತ್ತಿದ ಹೊತ್ತಿಗೆ ಅವನು ಆ ಲಾರಿಯಲ್ಲಿದ್ದ. ಲಾರಿಯವರೇ, ನೀವು ಎಲ್ಲಿದ್ದೀರಿ?"

ಅಕ್ಷರ ಆರಿಸಲು ಒಂದು ಸಂಜೆ ಪೂರ್ತಿ ಹಿಡಿಯಿತು. ನಿನ್ನ ಮೇಲೆ ಬಂದ ಕಾಗದಗಳೆಲ್ಲ ಕೋರ್ಟಿನ ಚೂಪು ಅಕ್ಷರದಲ್ಲೇ ಬಂದವು. ಈಗಲೂ ಆ ಅಕ್ಷರ ಕಂಡರೆ ಮುಖ ತಿರುಗಿಸುತ್ತೇನೆ. ಅದಕ್ಕೇ ದುಂಡಗಿರುವ, ಕೈಬರಹದ ಹಾಗಿರುವ ಒಂದನ್ನು ಹಿಡಿದೆ, ಕೇಕಿನ ಮೇಲೆ ನಾನು ಬರೆಯುವ ಹಾಗೆ. ಓದಿದವರಿಗೆ ಒಬ್ಬ ಮನುಷ್ಯ ಮಾತಾಡುತ್ತಿದ್ದಾನೆ ಅನಿಸಬೇಕು. ನನಗಂತೂ ಬಹಳ ಹಿಡಿಸಿತು.

ನಿನ್ನ ಅಕ್ಕ,
ಆರ್ಡಿಸ್

*

ಫೆಬ್ರವರಿ 3, 2001

ಪ್ರೀತಿಯ ಆರ್ಡಿಸ್,

ನಿನ್ನ ಕಾಗದವನ್ನು ನನಗಿಂತ ಮೊದಲು ಓದಿದ ಗಾರ್ಡ್, "ನಿಮ್ಮಕ್ಕಂಗೆ ಕಂಪ್ಯೂಟರ್ ಬರುತ್ತೇನೋ? ನಂಗೇ ಬರಲ್ಲ" ಅಂದ. ಹೆಮ್ಮೆಯಾಯಿತು.

ಈ ವೆಬ್ ಪುಟ ಅಂದರೆ ಹೇಗಿರುತ್ತದೆ ಎಂದು ನನಗೆ ಸರಿಯಾಗಿ ಗೊತ್ತಿಲ್ಲ. ನಾನು ಒಳಗೆ ಬಂದಾಗ ಇದೆಲ್ಲ ಈಗಿನ ಹಾಗಿರಲಿಲ್ಲ. ಪತ್ರಿಕೆಯ ಮುಖಪುಟದ ಹಾಗೆ, ನಡುವೆ ನಿನ್ನ ಚಂದದ ಕೈಬರಹ ಎಂದುಕೊಂಡಿದ್ದೇನೆ. ಕೇಕಿನ ಮೇಲಿನ ನಿನ್ನ ಅಕ್ಷರವನ್ನು ಪಾದ್ರಿಗಳೇ ಹೊಗಳುತ್ತಿದ್ದರು. ಆ ಲಾರಿಯವನಿಗೆ ಕಣ್ಣಿದ್ದರೆ ಖಂಡಿತ ಓದುತ್ತಾನೆ.

ಒಂದು ವಿಷಯ ಸೇರಿಸು. ಕೊಯ್ಲಿನ ಲಾರಿಯಲ್ಲಿ ಹೊರಗಿನವರನ್ನು ಹತ್ತಿಸಿಕೊಂಡರೆ ಕೆಲಸ ಹೋಗುತ್ತದೆ. ಅದಕ್ಕೇ ಅವನು ನನ್ನನ್ನು ಬೀಟ್ ತೂಗುವ ಗೇಟಿಗೆ ಮುಂಚೆ, ತಿರುವಿನಲ್ಲೇ ಇಳಿಸಿದ. "ಯಾರಿಗೂ ಹೇಳ್ಬೇಡ ಮಾರಾಯ" ಅಂದ. ನಾನು ಹೇಳುವುದಿಲ್ಲ ಅಂದೆ. ವಿಚಾರಣೆಯಲ್ಲಿ ಹೇಳಿದೆ, ಯಾರೂ ನಂಬಲಿಲ್ಲ. ಅವನಿಗೆ ಯಾರೂ ಏನೂ ಮಾಡುವುದಿಲ್ಲ ಎಂದು ಪುಟದಲ್ಲಿ ಬರೆ. ಹೆದರಿ ಸುಮ್ಮನಿದ್ದಾನೋ ಏನೋ.

ನಮ್ಮ ರಾಜ್ಯದ ಜೈಲಿನಲ್ಲಿ ಜಾಗವಿಲ್ಲವೆಂದು ಎರಡು ರಾಜ್ಯ ದಾಟಿಸಿ ಇಲ್ಲಿ ತಂದು ಹಾಕಿದ ಮೇಲೆ ನನ್ನನ್ನು ನೋಡಲು ಯಾರೂ ಬರುವ ಹಾಗಿಲ್ಲ. ಫೋನಿನಲ್ಲಿ ಮಾತಾಡಿದರೆ ಹಿಂದೆ ನಿಂತ ಸಾಲು ಪೂರ್ತಿ ಕಿವಿ ಕೊಡುತ್ತದೆ. ಕಿಟಕಿಯಿದೆ, ತೆರೆಯುವುದಿಲ್ಲ. ಹಿಮ ಬೀಳುವುದು ಕಾಣುತ್ತದೆ, ಚಳಿ ಮಾತ್ರ ಒಳಗೆ ಬರುವುದಿಲ್ಲ. ಚಳಿಗಾಗಿ ಆಸೆಪಡುವ ಗತಿ ಬಂತಲ್ಲ ಎಂದು ನನ್ನ ಜೊತೆಗಿರುವ ಗ್ರೇಡಿ ನಗುತ್ತಾನೆ.

ಎಷ್ಟು ಜನ ನೋಡಿದರು ಎಂದು ಬರೆ.

ಓರಿನ್

*

ಸ್ಟೋರ್ವಿಕ್
ಮಾರ್ಚ್ 11, 2001

ಓರಿ, ನನ್ನ ಪುಟ್ಟ,

ಕೂತಿದ್ದೀಯಾ? ಕೂತುಕೊಂಡೇ ಓದು. ಪುಟದ ಕೆಳಗೆ ಎಷ್ಟು ಜನ ಬಂದರು ಎಂದು ತೋರಿಸುವ ಒಂದು ಅಂಕಿ ಇದೆ. ಫೆಬ್ರವರಿ ಪೂರ್ತಿ ಅದು ಅರವತ್ತರ ಹತ್ತಿರ ಒದ್ದಾಡುತ್ತಿತ್ತು, ಅದರಲ್ಲಿ ಅರ್ಧ ನಾನೇ. ಹೋದ ಗುರುವಾರ ತೆರೆದರೆ ಒಂಬತ್ತು ಸಾವಿರ! ಲೈಬ್ರರಿಯಮ್ಮನನ್ನು ಕರೆದು ಯಂತ್ರ ಕೆಟ್ಟಿದೆಯೇ ಎಂದು ಕೇಳಿದೆ. ಅವರೂ ನೋಡಿದರು. ನಾವಿಬ್ಬರೂ ನೋಡುತ್ತಿದ್ದ ಹಾಗೆಯೇ ಇನ್ನೂ ನಲವತ್ತು ಜನ ಬಂದರು. ಇವತ್ತಿಗೆ ಇಪ್ಪತ್ತಮೂರು ಸಾವಿರ ಚಿಲ್ಲರೆ.

ಯಾರಿವರೆಲ್ಲ? ಗೊತ್ತಿಲ್ಲ. ಎಲ್ಲಿಯವರೋ, ಯಾವ ಊರಿನವರೋ. ಐದು ವರ್ಷದಿಂದ ಈ ಊರಿನಲ್ಲಿ ಒಬ್ಬರೂ ನನ್ನ ಮುಖ ನೋಡಿ ನಿನ್ನ ಹೆಸರು ಎತ್ತಲಿಲ್ಲ. ಈಗ ಇಷ್ಟು ಜನ ನಿನ್ನ ಮುಖ ನೋಡಿದ್ದಾರೆ. ನಾನು ಅಂಗಡಿಯ ತಣ್ಣನೆ ಕೋಣೆಗೆ ಹೋಗಿ ಬೆಣ್ಣೆಯ ಡಬ್ಬಗಳ ನಡುವೆ ನಿಂತು ಚೆನ್ನಾಗಿ ಅತ್ತೆ.

ನೀನು ಹೇಳಿದ್ದನ್ನು ಸೇರಿಸಿದ್ದೇನೆ. ಕೆಳಗೆ ಅಂಗಡಿಯ ಫೋನ್ ನಂಬರೂ ಇದೆ. ಫೋನ್ ಬಂದಾಗಲೆಲ್ಲ ಓಡಿಹೋಗಿ ಎತ್ತುತ್ತೇನೆ, ಯಾರದೋ ಮದುವೆಯ ಕೇಕು.

ಆರ್ಡಿಸ್

*

ಏಪ್ರಿಲ್ 1, 2001

ಪ್ರೀತಿಯ ಆರ್ಡಿಸ್,

ಇಪ್ಪತ್ತಮೂರು ಸಾವಿರ! ಇಲ್ಲಿ ನಾನು ಹೇಳದವರೇ ಉಳಿದಿಲ್ಲ. ಗ್ರೇಡಿ, "ನಿಮ್ಮಕ್ಕ ಗವರ್ನರ್ ಎಲೆಕ್ಷನ್‌ಗೆ ನಿಂತಿದ್ದಾಳೇನಯ್ಯ?" ಅಂದ. ಊಟದ ಹಾಲಿನಲ್ಲಿ ಜನ ಬಂದು ಕೇಳುತ್ತಾರೆ, ನಮಗೂ ಒಂದು ಪುಟ ಮಾಡಿಕೊಡುತ್ತಾಳೇನು ಎಂದು. ನಿನ್ನ ಪರವಾಗಿ ಮೂವರಿಗೆ ಹೂಂ ಅಂದಿದ್ದೇನೆ, ಕ್ಷಮಿಸು.

ನಿನಗೆ ಹೇಗೆ ಹೇಳಲಿ. ಇಷ್ಟು ವರ್ಷ ನಾನು ಬೆಳಿಗ್ಗೆ ಎದ್ದರೆ ಅಂದುಕೊಳ್ಳುತ್ತಿದ್ದದ್ದು ಒಂದೇ: ನಾನು ಆ ಲಾರಿಯಲ್ಲಿದ್ದೆ ಎಂದು ಗೊತ್ತಿರುವವರು ಲೋಕದಲ್ಲಿ ಇಬ್ಬರೇ, ನಾನು ಮತ್ತು ಅವನು. ಅವನು ಸತ್ತುಹೋದರೆ ನಾನೊಬ್ಬನೇ. ಕೆಲವು ಸಲ ನನಗೇ ಅನುಮಾನ ಬರುತ್ತಿತ್ತು, ಲಾರಿ ನಿಜವಾಗಿ ಇತ್ತೇ ಎಂದು. ಈಗ ಇಪ್ಪತ್ತಮೂರು ಸಾವಿರ ಜನಕ್ಕೆ ಗೊತ್ತು. ನಿನ್ನೆ ಊಟ ರುಚಿಯಾಗಿತ್ತು. ಅದೇ ಹಾಳು ಬೀನ್ಸು, ಆದರೂ.

ಪುಟವನ್ನು ಪ್ರಿಂಟು ಮಾಡಿ ಕಳಿಸು. ಗೋಡೆಗೆ ಅಂಟಿಸುತ್ತೇನೆ.

ಓರಿನ್

*

ಸ್ಟೋರ್ವಿಕ್
ಏಪ್ರಿಲ್ 22, 2001

ಪ್ರೀತಿಯ ಓರಿನ್,

ನದಿ ಏರಿದೆ. ಈ ವಾರ ಎಲ್ಲರೂ ಮರಳಿನ ಚೀಲ ತುಂಬುವುದರಲ್ಲಿದ್ದೆವು. ನನ್ನ ಬೆನ್ನು ಹಿಡಿದುಕೊಂಡಿದೆ. ಹೆಬ್ಬಾತುಗಳು ವಾಪಸು ಬಂದವು. ಹಿತ್ತಲಿನ ರೂಬಾರ್ಬ್ ಗಿಡ ಮೂಗು ಹೊರಗೆ ಹಾಕಿದೆ.

ಪುಟದ ಪ್ರಿಂಟು ಕಳಿಸಲಾಗಲಿಲ್ಲ. ಲೈಬ್ರರಿಯ ಯಂತ್ರ ಕೆಟ್ಟಿದೆ. ಸರಿ ಮಾಡಿಸುತ್ತಾರಂತೆ, ಯಾವಾಗಲೋ.

ಆ ಅಂಕಿಯನ್ನು ಎಲ್ಲರ ಹತ್ತಿರ ಹೇಳಿಕೊಂಡು ತಿರುಗಬೇಡ. ನೋಡಿದವರೆಲ್ಲ ನಮ್ಮ ಕಡೆಯವರೇ ಎಂದು ಹೇಳಲು ಬರುವುದಿಲ್ಲ. ಮೂವರಿಗೆ ಹೂಂ ಅಂದೆಯಲ್ಲ, ಅವರಿಗೂ ಸದ್ಯಕ್ಕೆ ಬೇಡ ಎಂದು ಹೇಳು. ನನಗೆ ಅಂಗಡಿಯಲ್ಲಿ ಕೆಲಸ ಜಾಸ್ತಿ.

ಬೆಚ್ಚಗಿರು.

ಆರ್ಡಿಸ್

*

ಮೇ 13, 2001

ಆರ್ಡಿಸ್,

ಪ್ರಿಂಟು ಕಳಿಸುವ ಕಷ್ಟ ನಿನಗೆ ಬೇಡ. ಪುಟ ಹೇಗಿದೆ ಎಂದು ನನಗೆ ಗೊತ್ತಾಯಿತು.

ಹೋದ ಸೋಮವಾರ ಹೊಸಬನೊಬ್ಬ ಬಂದ, ಹೊರಗೆ ಜಾಹೀರಾತಿನ ಕೆಲಸದಲ್ಲಿದ್ದವನಂತೆ. ಊಟದ ಸಾಲಿನಲ್ಲಿ ನನ್ನ ಮುಖವನ್ನೇ ನೋಡುತ್ತಿದ್ದ. "ಏಯ್, ನೀನು ಆ ಬರ್ತ್‌ಡೇ ಹುಡುಗ ಅಲ್ವೇನೋ!" ಅಂದ. ನನಗೆ ಅರ್ಥವಾಗಲಿಲ್ಲ. ಅವನು ತಟ್ಟೆ ಅಲ್ಲೇ ಇಟ್ಟು, ಎಲ್ಲರಿಗೂ ಕೇಳುವ ಹಾಗೆ ಬಿಡಿಸಿ ಹೇಳಿದ. ಯಾವುದೋ ಕಾಲೇಜಿನ ಹುಡುಗರು ಈ ವರ್ಷದ ಅತಿ ಕೆಟ್ಟ ವೆಬ್ ಪುಟ ಯಾವುದು ಎಂದು ಪಂದ್ಯ ಇಟ್ಟರಂತೆ, ನಿನ್ನದೇ ಗೆದ್ದಿತಂತೆ. ಸುತ್ತ ಬಲೂನು. ಗುಲಾಬಿ ಬಣ್ಣ. ಮಕ್ಕಳ ಚಿತ್ರಕಥೆಯಲ್ಲಿ ಬರುವ ಕುಣಿಯುವ ಅಕ್ಷರ, ಅದರ ಹೆಸರೇ ಕಾಮಿಕ್ ಸಾನ್ಸ್ ಅಂತೆ. ಆ ಅಕ್ಷರದಲ್ಲಿ ಕೊಲೆಯ ಸುದ್ದಿ! ಅವನ ಆಫೀಸಿನಲ್ಲಿ ಎಲ್ಲರೂ ಒಬ್ಬರಿಗೊಬ್ಬರು ಕಳಿಸಿಕೊಂಡು ಹೊಟ್ಟೆ ಹಿಡಿದು ನಕ್ಕರಂತೆ. ಇಪ್ಪತ್ತಮೂರು ಸಾವಿರ ಜನ ಬಂದದ್ದು ನನ್ನನ್ನು ನೋಡಲು ಅಲ್ಲ, ನಗಲು.

ಈಗ ನಾನು ಊಟಕ್ಕೆ ಬಂದರೆ ಹಾಲಿಗೆ ಹಾಲೇ ಹುಟ್ಟುಹಬ್ಬದ ಹಾಡು ಹಾಡುತ್ತದೆ. "ಮೇಣದಬತ್ತಿ ಊದೋ, ಮನೆಗೆ ಕಳಿಸ್ತಾರೆ" ಅನ್ನುತ್ತಾರೆ. ಗಾರ್ಡುಗಳೂ ನಗುತ್ತಾರೆ. ಇಲ್ಲಿ ನನಗೆ ಎದ್ದು ಹೋಗಲು ಬೇರೆ ಕೋಣೆಯಿಲ್ಲ, ಆರ್ಡಿಸ್. ನಗುವವರ ನಡುವೆಯೇ ತಿನ್ನಬೇಕು, ನಗುವವರ ನಡುವೆಯೇ ಮಲಗಬೇಕು. ಕೊಲೆಗಾರ ಅಂದಾಗ ನಾನು ತಲೆ ಎತ್ತಿಕೊಂಡು ಓಡಾಡಿದ್ದೆ. ಇದಕ್ಕೆ ತಲೆ ಎತ್ತಲು ಆಗುತ್ತಿಲ್ಲ.

ನಿನಗೆ ಗೊತ್ತಿತ್ತು. ಏಪ್ರಿಲ್‌ನಲ್ಲಿ ಹೆಬ್ಬಾತಿನ ಕಥೆ ಬರೆಯುವಾಗಲೇ ಗೊತ್ತಿತ್ತು.

ಆ ಅಕ್ಷರ ತೆಗೆ. ಬಲೂನು ತೆಗೆ. ಮರ್ಯಾದಸ್ಥರು ಬರೆಯುವ ಹಾಗೆ ಬರೆ, ಇಲ್ಲವಾದರೆ ಪೂರ್ತಿ ಕಿತ್ತುಹಾಕು.

ಓರಿನ್

*

ಸ್ಟೋರ್ವಿಕ್
ಮೇ 24, 2001

ಓರಿನ್,

ನಿನ್ನ ಕಾಗದ ಮಂಗಳವಾರ ಬಂತು. ಮೂರು ಸಲ ಓದಿದೆ. ಆಮೇಲೆ ಕೋಟು ಹಾಕಿಕೊಂಡು ಲೈಬ್ರರಿಗೆ ಹೋಗಿ ನೀನು ಹೇಳಿದ್ದನ್ನೆಲ್ಲ ಮಾಡಿದೆ. ಬಲೂನು ಇಲ್ಲ, ಬಣ್ಣ ಇಲ್ಲ. ನಿನ್ನ ವಕೀಲೆ ಮಿಸ್ ಫ್ರೈಬರ್ಗ್ ಹೇಳಿಕೊಟ್ಟ ಹಾಗೆ ಮಾತುಗಳನ್ನೂ ತಿದ್ದಿದೆ. ನಿನ್ನ ಫೋಟೊ ಸಣ್ಣದಾಗಿ ಮೂಲೆಗೆ ಹೋಗಿದೆ. ಅಕ್ಷರ ಈಗ ಕಪ್ಪು, ಚೂಪು, ಕೋರ್ಟಿನದೇ. ಮಿಸ್ ಫ್ರೈಬರ್ಗ್, "ಈಗ ನೋಡಿ, ಗಂಭೀರವಾಗಿದೆ" ಅಂದರು. ನನಗೆ ಓದಲಾಗಲಿಲ್ಲ.

ಹೌದು, ಗೊತ್ತಿತ್ತು. ಮಾರ್ಚ್ ಕೊನೆಯಲ್ಲಿ ಗೊತ್ತಾಯಿತು. ಯಾರೋ ಒಬ್ಬ ಇ-ಮೇಲ್‌ನಲ್ಲಿ, "ಕೇಕಿನ ಒಳಗೆ ಗರಗಸ ಇಟ್ಟು ಕಳಿಸಿದೆಯಾ ಅಜ್ಜಿ?" ಎಂದು ಬರೆದಿದ್ದ. ಅಂಥವು ದಿನಕ್ಕೆ ಹತ್ತು ಬರುತ್ತಿದ್ದವು. ಓದಿ ಅಳಿಸುತ್ತಿದ್ದೆ. ನಿನಗೆ ಹೇಳಲಿಲ್ಲ, ಯಾಕೆಂದರೆ ಊಟ ರುಚಿಯಾಗಿತ್ತು ಎಂದು ನೀನು ಬರೆದಿದ್ದೆ. ಅದನ್ನು ನಿನ್ನ ಬಾಯಿಂದ ಹೇಗೆ ಕಿತ್ತುಕೊಳ್ಳಲಿ?

ಅವರ ನಗು ನನಗೆ ಅಷ್ಟು ತಾಗಲಿಲ್ಲ. ಬೇರೆ ಒಂದು ತಾಗಿತು, ಅದನ್ನೂ ಹೇಳಿಬಿಡುತ್ತೇನೆ. ಬೆಂಕಿಯ ನಂತರ ಹಾಲ್ವರ್ ಅವರ ಹೆಂಡತಿ ರೂಡಮ್ಮ ನನ್ನ ಕೌಂಟರಿಗೆ ಬಂದವರೇ ಅಲ್ಲ, ಬ್ರೆಡ್ಡಿಗೂ ಪಕ್ಕದ ಊರಿಗೆ ಹೋಗುತ್ತಿದ್ದರು. ಈಸ್ಟರ್ ಮುಗಿದ ವಾರ ಬಂದರು. ಕೈಯಲ್ಲಿ ಪ್ರಿಂಟು ಇತ್ತು. ಕೂಗಾಡಲಿಲ್ಲ. "ಆರ್ಡಿಸ್, ನಿನ್ನ ತಮ್ಮ ಮಾಡಿದ್ದೋ ಬಿಟ್ಟಿದ್ದೋ ದೇವರಿಗೆ ಗೊತ್ತು. ಆದ್ರೆ ನಮ್ಮ ಯಜಮಾನ್ರು ಸತ್ತಿದ್ದನ್ನ ಗುಲಾಬಿ ಅಕ್ಷರದಲ್ಲಿ ಬರ್ದಿದ್ದೀಯಲ್ಲಮ್ಮ, ಪಕ್ಕದಲ್ಲಿ ಬಲೂನು ಹಾಕಿ" ಅಂದರು. ನನಗೆ ಆ ಕ್ಷಣದವರೆಗೂ ಅದು ಹೊಳೆದಿರಲಿಲ್ಲ. ನಾನು ಆ ಪುಟದಲ್ಲಿ ನಿನ್ನನ್ನು ಬಿಟ್ಟು ಬೇರೆ ಯಾರನ್ನೂ ನೋಡಿಯೇ ಇರಲಿಲ್ಲ. ಅವರು ಹೋದ ಮೇಲೆ ಕೌಂಟರಿನ ಹಿಂದೆ ನೆಲದ ಮೇಲೆ ಕೂತುಬಿಟ್ಟೆ.

ಆದರೂ ಒಂದು ಮಾತು, ಕೋಪ ಮಾಡಿಕೊಳ್ಳಬೇಡ. ಆ ಅಕ್ಷರವನ್ನು ನಾನು ತಮಾಷೆಗೆ ಹಾಕಲಿಲ್ಲ. ನನಗೆ ಬರುವುದು ಅದೊಂದೇ. ಯಾರ ಮೇಲಾದರೂ ಪ್ರೀತಿ ಇದ್ದರೆ ನಾನು ಅವರ ಹೆಸರನ್ನು ದುಂಡಗೆ ಬಣ್ಣದಲ್ಲಿ ಬರೆಯುತ್ತೇನೆ, ಇಪ್ಪತ್ತೆರಡು ವರ್ಷದಿಂದ ಅದೇ ಕೆಲಸ.

ಆರ್ಡಿಸ್

*

ಜೂನ್ 10, 2001

ಆರ್ಡಿಸ್,

ಬದಲಾಯಿಸಿದ್ದಕ್ಕೆ ಉಪಕಾರವಾಯಿತು. ಹೋದ ಕಾಗದದಲ್ಲಿ ಕಟುವಾಗಿ ಬರೆದೆ. ಆದರೆ ಮಾಡಿದ್ದು ಸರಿಯಾಯಿತು. ಹಾಡು ಈಗ ಕಡಿಮೆ.

ರೂಡಮ್ಮ ಹೇಳಿದ್ದನ್ನು ಮತ್ತೆ ಮತ್ತೆ ಓದುತ್ತಿದ್ದೇನೆ.

ಓರಿನ್

*

ಸ್ಟೋರ್ವಿಕ್
ಆಗಸ್ಟ್ 19, 2001

ಪ್ರೀತಿಯ ಓರಿನ್,

ಎರಡು ಕಾಗದ ಹಾಕಿದೆ, ಉತ್ತರವಿಲ್ಲ. ಹುಷಾರಾಗಿದ್ದೀಯಾ?

ಪುಟಕ್ಕೆ ಈಗ ಯಾರೂ ಬರುವುದಿಲ್ಲ. ಅಂಕಿ ನಿಂತಲ್ಲೇ ನಿಂತಿದೆ. ಗುರುವಾರ ಹೋಗಿ ನೋಡುತ್ತೇನೆ, ಒಂದು ಹೆಚ್ಚಾಗಿರುತ್ತದೆ, ಅದು ಹಿಂದಿನ ಗುರುವಾರ ಬಂದ ನಾನೇ. ಬೈಯುವ ಇ-ಮೇಲ್‌ಗಳೂ ನಿಂತವು. ನಂಬುತ್ತೀಯೋ ಇಲ್ಲವೋ, ಅವನ್ನೂ ನೆನೆಸಿಕೊಳ್ಳುತ್ತೇನೆ. ಬೈಯಲಿಕ್ಕಾದರೂ ನಿನ್ನ ಹೆಸರು ಬರೆಯುತ್ತಿದ್ದರು.

ಮಿಸ್ ಫ್ರೈಬರ್ಗ್ ತಾಳ್ಮೆ ಇರಲಿ ಅನ್ನುತ್ತಾರೆ. ಅಂಗಡಿಯಲ್ಲಿ ಜನ ನನ್ನ ಹತ್ತಿರ ಕೇಕು ಬರೆಸುವಾಗ, "ಗಂಭೀರವಾಗಿ ಬರಿ ಆರ್ಡಿಸ್" ಎಂದು ತಮಾಷೆ ಮಾಡುತ್ತಾರೆ. ನಗುತ್ತೇನೆ. ಕೌಂಟರಿಗೆ ಒಂದೇ ಬಾಗಿಲು, ಅದೂ ಅವರ ಕಡೆಗೆ. ಎಲ್ಲಿಗೆ ಹೋಗಲಿ?

ಆರ್ಡಿಸ್

*

ನವೆಂಬರ್ 25, 2001

ಪ್ರೀತಿಯ ಆರ್ಡಿಸ್,

ಹುಷಾರಾಗಿದ್ದೇನೆ. ಬರೆಯಲು ಏನೂ ಇರಲಿಲ್ಲ, ಅದಕ್ಕೆ ಬರೆಯಲಿಲ್ಲ. ನಿನ್ನೆ ಏನಾಯಿತೋ ಇವತ್ತೂ ಅದೇ ಆಯಿತು. ಗ್ರೇಡಿಯನ್ನು ಬೇರೆ ಕಡೆ ಹಾಕಿದರು. ಅವನ ಜಾಗಕ್ಕೆ ಬಂದವನು ದಿನವೆಲ್ಲ ಮಲಗಿರುತ್ತಾನೆ.

ಕೊಯ್ಲು ಮುಗಿದಿರಬೇಕು. ಇಲ್ಲಿ ಹೊರಗೆ ಬೀಟ್ ಬೆಳೆಯುವುದಿಲ್ಲ, ಆದರೂ ಅಕ್ಟೋಬರ್ ಬಂತು ಎಂದರೆ ನನಗೆ ಲಾರಿಯ ಸದ್ದು ಕೇಳುತ್ತದೆ. ಈ ವರ್ಷ ಕೇಳಲಿಲ್ಲ. ಅದೇ ನನಗೆ ಹೆದರಿಕೆ. ಅವನ ಮುಖ ಸ್ವಲ್ಪ ಸ್ವಲ್ಪವೇ ಅಳಿಸಿಹೋಗುತ್ತಿದೆ. ನಾಳೆ ಅವನು ಎದುರಿಗೆ ಬಂದು ನಿಂತರೂ ನಾನು ಗುರುತಿಸುತ್ತೇನೋ ಇಲ್ಲವೋ.

ಪುಟವನ್ನು ತೆಗೆದುಬಿಡು. ನೀನು ಪ್ರತಿ ಗುರುವಾರ ಹೋಗಿ ಖಾಲಿ ಅಂಕಿ ನೋಡುವುದು ಬೇಡ. ನಮ್ಮಿಬ್ಬರಲ್ಲಿ ಒಬ್ಬರಾದರೂ ಬಾಗಿಲು ತೆರೆದುಕೊಂಡು ಹೋಗಲಿ. ಚಿಕ್ಕಮ್ಮನ ಮಗಳು ಸಿಯಾಟಲ್‌ಗೆ ಕರೆಯುತ್ತಿದ್ದಳಲ್ಲ, ಹೋಗು.

ಓರಿನ್

*

ಸ್ಟೋರ್ವಿಕ್
ಫೆಬ್ರವರಿ 17, 2002

ನನ್ನ ಪ್ರೀತಿಯ ಓರಿನ್,

ಪುಟವನ್ನು ತೆಗೆದಿಲ್ಲ. ಸಿಯಾಟಲ್‌ಗೂ ಹೋಗಿಲ್ಲ. ಆ ಲಾರಿ ಇತ್ತು, ಓರಿನ್. ಓಡಿಸಿದವರನ್ನು ನಾನು ನೋಡಿದೆ. ಅವರ ಕೈ ಹಿಡಿದುಕೊಂಡು ಕೂತಿದ್ದೆ.

ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಪೂರ್ತಿ ಒಳ್ಳೆಯ ಸುದ್ದಿಯಲ್ಲ. ಹೆಸರು ಆಲ್ವಿನ್ ಸ್ಟ್ರೀಬ್, ದಕ್ಷಿಣ ಡಕೋಟದವರು. ಆ ಒಂದು ವರ್ಷ ಮಾತ್ರ ಕೊಯ್ಲಿಗೆ ಬಂದಿದ್ದರು. ಬೆಂಕಿಯ ವಿಷಯ ಅವರಿಗೆ ಗೊತ್ತೇ ಇರಲಿಲ್ಲ. ಹೋದ ಮೇ ತಿಂಗಳಲ್ಲಿ ಅವರೂರಿನ ಧಾನ್ಯದ ಗೋದಾಮಿನ ಆಫೀಸಿಗೆ ಕಾಫಿಗೆ ಹೋದಾಗ, ಗೋಡೆಗೆ ಯಾರೋ ನನ್ನ ಪುಟವನ್ನು ತಮಾಷೆಗೆ ಅಂಟಿಸಿದ್ದರಂತೆ. ಬಲೂನಿನದು. ಅರ್ಧ ಮಾತ್ರ, ಫೋನ್ ನಂಬರಿನ ಕಡೆ ಹರಿದಿತ್ತು. ಆ ಸಂಜೆಯೂ ನೀನು ಅದೇ ಚೌಕಳಿ ಟೋಪಿ ಹಾಕಿದ್ದೆಯಲ್ಲ, ಅವರು ಅದನ್ನು ನೋಡಿ ಗುರುತು ಹಿಡಿದರು.

ಮುಂದಿನದನ್ನು ಮಗಳು ಜೋನೆಲ್ ಹೇಳಿದಳು. "ಜೂನ್‌ನಲ್ಲಿ ಅಪ್ಪ ನನ್ ಹತ್ರ ಬಂದು, 'ಆ ಹುಡುಗನ್ನ ನಾನೇ ಕೂರಿಸ್ಕೊಂಡಿದ್ದೆ ಕಣೆ, ಆ ಪುಟ ಹುಡುಕಿಕೊಡು' ಅಂದ್ರು. ಹುಡುಕಿ ತೋರಿಸ್ದೆ. ಅವ್ರಿಗೆ ಕಣ್ಣು ಮಂಜು. 'ಇದಲ್ಲ, ಅದು ಮಕ್ಕಳ ಪುಸ್ತಕದ ಥರ ಇತ್ತು, ಇದ್ಯಾವುದೋ ವಕೀಲರದು, ಮುಚ್ಚು ಮುಚ್ಚು' ಅಂದ್ರು. ನಾನೂ ಹೌದೇನೋ ಅಂತ ಮುಚ್ಚಿದೆ." ಆಗಸ್ಟ್‌ನಲ್ಲಿ ಅವರಿಗೆ ಪಾರ್ಶ್ವವಾಯು ಬಡಿಯಿತು. ಬಲಗಡೆ ಬಿದ್ದುಹೋಗಿದೆ, ಮಾತು ಪೂರ್ತಿ ನಿಂತಿದೆ. ಈ ಜನವರಿಯಲ್ಲಿ ಜೋನೆಲ್ ಅದೇ ಆಫೀಸಿಗೆ ಹೋದಾಗ ಗೋಡೆಯ ಮೇಲಿನ ಕಾಗದ ಕಂಡು, ಕಿತ್ತು ತಂದು ಅಪ್ಪನಿಗೆ ತೋರಿಸಿದಳು. ಅವರು ಅತ್ತರಂತೆ. ಆಮೇಲೆ ಅವಳು ಆ ಕಾಗದದಲ್ಲಿದ್ದ ನಮ್ಮೂರಿನ ಹೆಸರು ಹಿಡಿದು ಅಂಗಡಿಗೆ ಫೋನ್ ಮಾಡಿದಳು.

ನಾನು ಹೋದೆ. ಅವರು ಎಡಗೈಯಿಂದ ನನ್ನ ಕೈಯನ್ನು ನೋಯುವಷ್ಟು ಒತ್ತಿದರು. ಬಾಯಿ ತೆರೆಯುತ್ತಾರೆ, ಶಬ್ದ ಬರುವುದಿಲ್ಲ. ಎಲ್ಲ ಒಳಗೇ ಇದೆ, ಹೊರಗೆ ಬರಲು ದಾರಿಯಿಲ್ಲ. ನಿನ್ನ ಹೆಸರು ಹೇಳಿದರೆ ತಲೆ ಆಡಿಸುತ್ತಾರೆ. ಮಿಸ್ ಫ್ರೈಬರ್ಗ್, ತಲೆ ಆಡಿಸುವುದನ್ನು ಜಡ್ಜು ಒಪ್ಪುವುದು ಕಷ್ಟ ಅನ್ನುತ್ತಾರೆ. ಅವರು ನಿನಗೂ ಬರೆಯುತ್ತಾರೆ.

ಇನ್ನೊಂದು ದಾರಿ ಇದೆ, ಮಾತು ನಿಲ್ಲುವ ಮೊದಲೇ ಆಲ್ವಿನ್ ಜೋನೆಲ್‌ಗೆ ಹೇಳಿದ್ದು. ನಿನ್ನನ್ನು ತಿರುವಿನಲ್ಲಿ ಇಳಿಸಿದಾಗ, ಮುಂದಿನ ಪಾಳಿಯವನು ಅಲ್ಲಿ ತನ್ನ ಪಿಕಪ್‌ನಲ್ಲಿ ಕಾಯುತ್ತಿದ್ದನಂತೆ. ನೀನು ಇಳಿದದ್ದನ್ನು ಅವನು ಕಂಡಿದ್ದಾನೆ, "ಗೇಟಿನೋರು ನೋಡಿದ್ರೆ ಇಬ್ರ ಕೆಲಸಾನೂ ಹೋಗ್ತಿತ್ತು" ಎಂದು ಆಲ್ವಿನ್ ಜೊತೆ ಜಗಳವಾಡಿದ್ದನಂತೆ. ಅವನನ್ನು ಎಲ್ಲರೂ ಡಚ್ ಎನ್ನುತ್ತಿದ್ದರು. ಟ್ರೇಲರ್ ಮನೆ ಎಳೆದುಕೊಂಡು ಕೊಯ್ಲಿನಿಂದ ಕೊಯ್ಲಿಗೆ ಹೋಗುವವನು. ನಿಜವಾದ ಹೆಸರು ಜೋನೆಲ್‌ಗೆ ಗೊತ್ತಿಲ್ಲ. ಕಂಪನಿಯವರು ಅಷ್ಟು ಹಳೆಯ ದಾಖಲೆ ಇಟ್ಟಿಲ್ಲ ಅಂದರು.

ಒಂದು ವಿಷಯ ನಿನಗೆ ಹೇಳಬೇಕು. ಅಕ್ಷರ ಬದಲಾಯಿಸಿದ್ದು ನಿನ್ನ ಕಾಗದಕ್ಕಲ್ಲ. ನನಗೇ ನಾಚಿಕೆಯಾಗಿತ್ತು, ನಿನ್ನ ಕಾಗದ ಬರುವ ಮೊದಲೇ ನಾನು ಬದಲಾಯಿಸಿಬಿಟ್ಟಿದ್ದೆ. ಆದ್ದರಿಂದ ಆಲ್ವಿನ್ ಅವರಿಗೆ ಪುಟ ಸಿಗದೆ ಹೋದದ್ದು ನನ್ನಿಂದ. ನೀನು ಏನೂ ತಲೆಗೆ ಹಚ್ಚಿಕೊಳ್ಳಬೇಡ.

ನಿನ್ನ ಆರ್ಡಿಸ್

*

ಮಾರ್ಚ್ 3, 2002

ಅಕ್ಕಾ,

ಇಲ್ಲಿ ಓದಲು ನಿನ್ನ ಕಾಗದಗಳನ್ನು ಬಿಟ್ಟರೆ ನನಗೆ ಏನಿದೆ? ಒಂದೊಂದನ್ನೂ ಎಷ್ಟು ಸಲ ಓದಿದ್ದೇನೋ. ಮೇ 24ರದು ಈಗಲೂ ಮೊಣಕಾಲ ಮೇಲಿದೆ. "ನಿನ್ನ ಕಾಗದ ಮಂಗಳವಾರ ಬಂತು. ಮೂರು ಸಲ ಓದಿದೆ. ಆಮೇಲೆ ಕೋಟು ಹಾಕಿಕೊಂಡು ಲೈಬ್ರರಿಗೆ ಹೋಗಿ" ಎಂದು ನೀನೇ ಬರೆದಿದ್ದೀಯ. ನಿನಗೆ ಸುಳ್ಳು ಹೇಳಲು ಬರುವುದಿಲ್ಲ, ಬಿಟ್ಟುಬಿಡು.

ಮುಚ್ಚಿಸಿದವನು ನಾನು. ಆ ಮನುಷ್ಯ ನನ್ನನ್ನು ಹುಡುಕಿಕೊಂಡು ಬಾಗಿಲವರೆಗೂ ಬಂದಿದ್ದ, ಮಾತು ಇದ್ದಾಗಲೇ ಬಂದಿದ್ದ. ಇಲ್ಲಿ ನಾಲ್ಕು ಜನ ಹಾಡು ಹಾಡಿದ್ದನ್ನು ತಡೆದುಕೊಳ್ಳಲಾಗದೆ ನಾನು ಅವನ ಮುಖದ ಮೇಲೆ ಬಾಗಿಲು ಹಾಕಿಸಿದೆ. ಮಿಸ್ ಫ್ರೈಬರ್ಗ್ ಕಾಗದವೂ ಬಂತು. ಎರಡು ದಿನ ಗೋಡೆ ಕಡೆ ತಿರುಗಿ ಮಲಗಿದ್ದೆ. ಇದನ್ನು ನಿನ್ನ ಹತ್ತಿರ ಮುಚ್ಚಿಡುವುದಿಲ್ಲ. ನನಗೆ ಸತ್ತುಹೋಗುವಷ್ಟು ದುಃಖವಾಗಿದೆ.

ಇವತ್ತು ಎದ್ದು ಕೂತು ಯೋಚನೆ ಮಾಡಿದೆ. ಗಂಭೀರವಾದ ಪುಟವನ್ನು ಯಾರೂ ಗೋಡೆಗೆ ಅಂಟಿಸುವುದಿಲ್ಲ. ನಗು ಬಂದದ್ದಕ್ಕೇ ಅದು ನಿನ್ನ ಲೈಬ್ರರಿಯಿಂದ ಆ ಗೋದಾಮಿನವರೆಗೆ ಹೋಯಿತು. ಡಚ್ ಇರುವುದೂ ಅಂಥ ಕಡೆಯೇ, ಕಾಫಿ ಕುಡಿಯುವ ಕಡೆ, ಟ್ರೇಲರ್‌ಗಳು ನಿಲ್ಲುವ ಕಡೆ. ಅಲ್ಲಿ ಕೋರ್ಟಿನ ಅಕ್ಷರ ಕಂಡರೆ ಅವರೂ ನಿನ್ನ ಹಾಗೆಯೇ ಮುಖ ತಿರುಗಿಸುತ್ತಾರೆ.

ಹಳೆಯ ಅಕ್ಷರ ವಾಪಸು ಹಾಕು. ಗುಲಾಬಿಯೇ ಇರಲಿ. ಬಲೂನು ಎಲ್ಲ ಇರಲಿ, ಇನ್ನೂ ನಾಲ್ಕು ಹೆಚ್ಚು ಹಾಕು. ಫೋಟೊ ದೊಡ್ಡದಾಗಿ ನಡುವೆ ಇರಲಿ, ಹಲ್ಲು ಕಾಣಲಿ. ಡಚ್ ಎಂದು ಎಲ್ಲಕ್ಕಿಂತ ಮೇಲೆ ಬರೆ. ಫೋನ್ ನಂಬರನ್ನೂ ಮೇಲೆಯೇ ಹಾಕು, ಹರಿದರೂ ಉಳಿಯುವ ಹಾಗೆ. ಆಮೇಲೆ ಆ ಕಾಲೇಜಿನ ಹುಡುಗರಿಗೆ ನೀನೇ ಬರೆ, ಈ ವರ್ಷದ ಪಂದ್ಯಕ್ಕೂ ನಮ್ಮ ಪುಟ ಇದೆ ಎಂದು ಹೇಳು.

ಹಾಲ್ವರ್ ಅವರ ಹೆಸರು ಬರುವ ಕಡೆ ಮಾತ್ರ ಬೇಡ. ಅಲ್ಲಿ ಕಪ್ಪು ಅಕ್ಷರ ಹಾಕು, ಪಕ್ಕದಲ್ಲಿ ಏನೂ ಇರದ ಹಾಗೆ. ಮೊದಲು ರೂಡಮ್ಮನ ಮನೆಗೆ ಹೋಗಿ ಕೇಳು. ಅವರು ಒಪ್ಪಿದರೆ ಮಾತ್ರ ಇದೆಲ್ಲ. ಒಪ್ಪದಿದ್ದರೆ ನಾನು ಇಲ್ಲೇ ಇರುತ್ತೇನೆ, ನಿನ್ನ ಮೇಲೆ ಕೋಪ ಮಾಡಿಕೊಳ್ಳುವುದಿಲ್ಲ.

ಇಲ್ಲಿಯವರಿಗೆ ನಾನೇ ಹೇಳಿಬಿಟ್ಟಿದ್ದೇನೆ. ಮಧ್ಯಾಹ್ನ ಊಟದ ಹಾಲಿನಲ್ಲಿ ಎದ್ದು ನಿಂತು, "ಬಲೂನು ವಾಪಸ್ ಬರ್ತಾ ಇದೆ ಕಣ್ರೋ, ಹೊರಗಡೆ ಇರೋ ನಿಮ್ಮೋರಿಗೆಲ್ಲ ಹೇಳಿ, ನೋಡಿ ನಗ್ಲಿ" ಅಂದೆ. ಆಮೇಲೆ ಹಾಡು ಶುರುವಾಯಿತು. ನಾನು ಕೂತುಕೊಂಡು ಊಟ ಮಾಡಿದೆ.

ನಿನ್ನ ತಮ್ಮ,
ಓರಿನ್